ಹಡಗಿನ ಬಡಗಿ ಮತ್ತು ಅವನ ಮಗಳು

"ಗುರುಗಳೇ, ನಾನು ಬರೆಯುವುದನ್ನು ಬಿಡಲೇ, ಇಲ್ಲ ಮಗಳನ್ನು ಯಾರಿಗಾದರೂ ಒಪ್ಪಿಸಿಬಿಡಲೇ?" ಎಂದು ಹೊನ್ನವ್ವ ಕೇಳಿದಳು.

ಅವಳು ಮಠದ ಶಿಷ್ಯೆ. ಮೂರು ವರ್ಷದಿಂದ ಒಂದು ಹಳೆಯ ಗ್ರಂಥಕ್ಕೆ ಟೀಕೆ ಬರೆಯುತ್ತಿದ್ದಳು. ಅವಳ ಎಂಟು ವರ್ಷದ ಮಗಳು ಹಿಂದಿನ ದಿನ ಅದರ ಹನ್ನೆರಡು ಹಾಳೆಗಳನ್ನು ಹರಿದು ಬಾವಿಗೆ ಹಾಕಿದ್ದಳು. ಹೊಡೆದದ್ದಾಯಿತು, ಮುದ್ದು ಮಾಡಿದ್ದಾಯಿತು, ಯಾವುದೂ ನಾಟಲಿಲ್ಲ ಎಂದು ಹೊನ್ನವ್ವ ಹೇಳಿಕೊಂಡಳು. ಗುರುಗಳು ಅವಳನ್ನು ಕೂರಿಸಿ ಈ ಕತೆ ಹೇಳಿದರು.

ಕಡಲ ತೀರದಲ್ಲಿ ಒಬ್ಬ ಬಡಗಿಯಿದ್ದ. ಮೀನುಗಾರರಿಗೆ ದೋಣಿ ಕಟ್ಟಿಕೊಟ್ಟು ಬದುಕುತ್ತಿದ್ದ. ಆದರೆ ಅವನ ಮನಸ್ಸೆಲ್ಲ ಒಂದು ಹಡಗಿನ ಮೇಲಿತ್ತು. ದೂರದ ದೇಶಕ್ಕೆ ಹೋಗಿಬರುವಂಥ ಹಡಗನ್ನು ಅವನ ಅಪ್ಪನಾಗಲಿ ಅಜ್ಜನಾಗಲಿ ಕಟ್ಟಿರಲಿಲ್ಲ. ತಾನು ಕಟ್ಟಬೇಕು, ಮೂರು ವರ್ಷದಲ್ಲಿ ಮುಗಿಸಬೇಕು ಎಂದು ಮರ ತರಿಸಿ ಕೆಲಸ ಹಿಡಿದ.

ಅವನಿಗೆ ಏಳು ವರ್ಷದ ಮಗಳಿದ್ದಳು. ತಾಯಿಯಿಲ್ಲದ ಮಗು. ಅವನು ಕೆಲಸಕ್ಕೆ ಕೈ ಹಚ್ಚಿದ ಕೂಡಲೇ ಅವಳ ರಂಪ ಶುರುವಾಗುತ್ತಿತ್ತು. ಉಳಿ, ಬಾಚಿ, ಸುತ್ತಿಗೆ, ಕೈಗೆ ಸಿಕ್ಕಿದ್ದೆಲ್ಲ ಕಡಲಿಗೆ ಹೋಗುತ್ತಿತ್ತು. ತಡೆಯಲು ಬಂದವರ ಕೈ ಕಚ್ಚುತ್ತಿದ್ದಳು. ಬಡಗಿ ಅರ್ಧ ದಿನ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಉಳಿ ಹುಡುಕುವುದರಲ್ಲೇ ಕಳೆಯುತ್ತಿದ್ದ.

ದಾರಿಹೋಕರೆಲ್ಲ ಬುದ್ಧಿ ಹೇಳಿದರು. ಒಬ್ಬ ಎರಡು ಬಿಗಿ ಎಂದ. ಇನ್ನೊಬ್ಬ ತಾಯತ ಕಟ್ಟಿಸು ಎಂದ. ಒಬ್ಬಾಕೆ ನಿನ್ನ ಪ್ರೀತಿ ಸಾಲದು ಎಂದಳು. ಬಡಗಿ ಎಲ್ಲವನ್ನೂ ಮಾಡಿ ನೋಡಿದ. ಬುದ್ಧಿ ಹೇಳಿದವರು ತಮ್ಮ ತಮ್ಮ ಮನೆಗೆ ಹೋಗಿ ಉಂಡು ಮಲಗಿದರು. ಅವನ ಮಗಳು ಹಾಗೆಯೇ ಇದ್ದಳು. ಕೊನೆಗೆ ಅವಳನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟುಬಂದ. ಅಕ್ಕ ನಾಲ್ಕನೆಯ ದಿನವೇ ವಾಪಸು ಕರೆತಂದಳು. ಏನಾಯಿತೆಂದು ಅವನು ಕೇಳಲಿಲ್ಲ. ಅಕ್ಕನ ಕೈಗೆ ಬಟ್ಟೆ ಸುತ್ತಿತ್ತು.

ಆಗ ಅವನು ಬೇಸತ್ತು ಹಡಗನ್ನೇ ಬಿಟ್ಟ. ಹೊಟ್ಟೆಪಾಡಿಗೆ ಸಾಲುವಷ್ಟು ಹಳೆಯ ದೋಣಿಗಳನ್ನು ಸರಿಮಾಡಿಕೊಟ್ಟು, ಉಳಿದ ಹೊತ್ತೆಲ್ಲ ಮಗಳ ಜೊತೆ ಕೂತ. ತಂದೆಯೆಂದರೆ ಹೀಗಿರಬೇಕು ಎಂದು ಊರವರು ಹೊಗಳಿದರು. ಆದರೆ ಕೂತಲ್ಲಿಂದಲೇ ಅವನ ಕಣ್ಣು ಅರ್ಧ ಎದ್ದು ನಿಂತ ಹಡಗಿನ ಮೇಲಿರುತ್ತಿತ್ತು. ಮಗಳು ಹತ್ತು ಮಾತಾಡಿದರೆ ಒಂದಕ್ಕೆ ಹೂಂ ಎನ್ನುತ್ತಿದ್ದ. ನಿನ್ನಿಂದಲೇ ಹೀಗಾಯಿತು ಎಂದು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಅವನು ತಟ್ಟೆ ಇಡುವ ಸದ್ದಿನಲ್ಲೇ ಅದು ಅವಳಿಗೆ ಕೇಳುತ್ತಿತ್ತು. ರಂಪ ಇಮ್ಮಡಿಯಾಯಿತು. ಈಗ ತಟ್ಟೆಗಳೂ ಕಡಲು ಸೇರಿದವು. ಹೀಗೆ ಒಂದು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಅವಳು ಅವನ ಅಪ್ಪನ ಕಾಲದ ಬಾಚಿಯನ್ನು ಬಂಡೆಯ ಮೇಲಿಂದ ಆಳದ ನೀರಿಗೆ ಎಸೆದಳು. ಅದು ಮತ್ತೆ ಸಿಗುವಂತಿರಲಿಲ್ಲ. ಬಡಗಿ ಕೈಯೆತ್ತಿದ. ಎತ್ತಿದ ಕೈ ಹಾಗೆಯೇ ಇಳಿಯಿತು. ಮರಳಿನ ಮೇಲೆ ಕುಸಿದು ಕೂತು, "ಯಾಕೆ ಹೀಗೆ ಮಾಡುತ್ತೀ ಮಗಳೇ? ನನಗೆ ಸಾಕಾಗಿದೆ" ಎಂದ. ಅಷ್ಟು ದಿನಗಳಲ್ಲಿ ಅವನು ಉತ್ತರಕ್ಕಾಗಿ ಕಾದು ಕೇಳಿದ್ದು ಅದೇ ಮೊದಲು.

ದೂರ ನಿಂತಿದ್ದ ಮಗಳು ಎರಡು ಹೆಜ್ಜೆ ಹತ್ತಿರ ಬಂದಳು. ಆಮೇಲೆ, "ನೀನು ಆ ಕಡೆ ತಿರುಗಿದರೆ ಮತ್ತೆ ಯಾವಾಗ ಈ ಕಡೆ ತಿರುಗುತ್ತೀ ಅಂತ ನನಗೆ ಗೊತ್ತಾಗುವುದಿಲ್ಲ" ಎಂದಳು.

ಮರುದಿನ ಬಡಗಿ ಹಡಗಿನ ಕೆಲಸವನ್ನು ಮತ್ತೆ ಹಿಡಿದ. ಒಂದು ಹಲಗೆ ಕೂರಿಸಿದ ಮೇಲೆ ಬಂದು ನಿನ್ನ ಹತ್ತಿರ ಇರುತ್ತೇನೆ, ಅಲ್ಲಿಯವರೆಗೆ ಬರುವುದಿಲ್ಲ ಎಂದು ಮಗಳಿಗೆ ಹೇಳಿದ. ಹಲಗೆ ಕೂರಿಸುವಾಗ ಅವಳ ಕಡೆ ನೋಡಲಿಲ್ಲ. ಅವಳ ಹತ್ತಿರ ಬಂದಾಗ ಹಡಗಿಗೆ ಬೆನ್ನು ಹಾಕಿ ಕೂತ. ಅವಳು ನಂಬಲಿಲ್ಲ, ಅಂದು ಎರಡು ಉಳಿ ನೀರಿಗೆ ಹೋದವು. ಹತ್ತನೆಯ ದಿನ ಒಂದು ಹೋಯಿತು. ತಿಂಗಳಾದ ಮೇಲೆ ಒಂದೂ ಹೋಗದ ದಿನ ಬಂತು. ಬಡಗಿ ಇನ್ನೇನು ಗೆದ್ದೆ ಎಂದುಕೊಂಡ. ಮರುದಿನ ಮೂರು ಹೋದವು.

ಮೂರು ವರ್ಷದ ಹಡಗಿಗೆ ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಪಕ್ಕದ ಊರಿನ ಬಡಗಿ ಎರಡು ಹಡಗು ಕಟ್ಟಿ ಹೆಸರು ಮಾಡಿದ್ದ. ಇವನದು ನೀರಿಗಿಳಿದಾಗ ನೋಡಲು ಬಂದವರು ಕಡಿಮೆ. ಹಡಗು ಸೋರಲಿಲ್ಲ. ಹೋಯಿತು, ತಿರುಗಿ ಬಂತು. ಮಗಳೂ ದೊಡ್ಡವಳಾದಳು. ಎಸೆಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊನ್ನವ್ವನಿಗೆ ಸಮಾಧಾನವಾಗಲಿಲ್ಲ. ಹನ್ನೊಂದು ವರ್ಷ ಎಂಬುದೇ ಅವಳ ಕಿವಿಯಲ್ಲಿತ್ತು.

"ಆ ಬಡಗಿಯ ಸಿಟ್ಟು ಕೊನೆಗಾದರೂ ಹೋಯಿತೇ, ಗುರುಗಳೇ?" ಎಂದಳು. "ನನ್ನದು ಹೋಗುವಂತೆ ಕಾಣುವುದಿಲ್ಲ."

ಗುರುಗಳು ಹೇಳಿದರು: "ಇಲ್ಲ ತಾಯಿ, ಸಿಟ್ಟು ಬಂದ ದಿನವೂ ಅವನು ಹೇಳಿದ ಹೊತ್ತಿಗೆ ಬಂದು ಕೂತ."