ತಲೆಯೊಳಗಿನ ಯಜಮಾನಿ

"ಅಜ್ಜಾರ, ಇನ್ನೆಷ್ಟು ಉಪಾಸ ಮಾಡಿದ್ರ ದೇವರು ನನಗೊಂದು ಕೂಸು ಕೊಡ್ತಾನ್ರಿ?"

ಮಠದ ಅಂಗಳದಲ್ಲಿ ಕುಳಿತು ಅಲ್ಲಿನ ಗುರುಗಳನ್ನು ಹೀಗೆ ಕೇಳಿದವಳು ನೇಕಾರರ ಮನೆಯ ಸೊಸೆ ನೀಲಗಂಗಾ. ಕೂಸಿಗಾಗಿ ಮೊದಲು ಸೋಮವಾರದ ಉಪವಾಸ ಹಿಡಿದಳು. ಆಮೇಲೆ ಗುರುವಾರವೂ ಸೇರಿತು. ಈಗ ಉಳಿದ ದಿನಗಳಲ್ಲೂ ಒಪ್ಪತ್ತು ಊಟ. ಮೈ ಕಡ್ಡಿಯಾಗಿತ್ತು, ಮುಟ್ಟು ನಿಂತಿತ್ತು. ಬಸಿರೇ ಇರಬೇಕೆಂದು ಹಿಗ್ಗಿ ಆಸ್ಪತ್ರೆಗೆ ಹೋದರೆ ಡಾಕ್ಟರಮ್ಮ ಅಲ್ಲವೆಂದರು. ಗರ್ಭದಲ್ಲಿ ಊನವೇನೂ ಇಲ್ಲ, ಹೊಟ್ಟೆ ತುಂಬ ಉಣ್ಣು ಎಂದು ಗದರಿ ಕಳಿಸಿದರು. ಅವರಿಗೆ ಹೊಟ್ಟೆಯ ವಿಷಯ ಗೊತ್ತು, ದೇವರ ವಿಷಯ ಏನು ಗೊತ್ತು? ತನ್ನ ವ್ರತದಲ್ಲೇ ಏನೋ ಕೊರತೆ ಎಂದು ನೀಲಗಂಗಾ ಬಗೆದಿದ್ದಳು.

ಗುರುಗಳಿಗೆ ಅವಳ ಮೇಲೆ ಮನೆಮಗಳ ಮೇಲಿನಷ್ಟೇ ಅಕ್ಕರೆ. "ಹೇಳ್ತೀನಿ. ಮೊದಲ ಗ್ವಾಡಿಗೆ ಆತು ಕೂಡು. ಗಾಳಿ ಬೀಸಿದ್ರ ನಿನ್ನ ಎಲ್ಲಿ ಹುಡುಕೂಣು?" ಎಂದು ಗೋಡೆ ತೋರಿಸಿ ನಕ್ಕು ಕತೆ ಶುರುಮಾಡಿದರು.

ಒಬ್ಬ ಕುರಿಗಾರನಿದ್ದ. ಆ ವರ್ಷ ಹಟ್ಟಿ ತುಂಬ ಮರಿಯಾಗಲೆಂದು ಅವನ ಆಸೆ. ತಾನೊಬ್ಬನೇ ವ್ರತ ಹಿಡಿದರೆ ಸಾಲದೆಂದು ಕುರಿಗಳಿಂದಲೂ ಉಪವಾಸ ಮಾಡಿಸಿದ. ಮೇಯಲು ಬಿಡದೆ ಹಟ್ಟಿಯಲ್ಲೇ ಕೂಡಿಹಾಕಿ, ದಿನಕ್ಕೊಂದು ಹಿಡಿ ಸೊಪ್ಪಷ್ಟೇ ಹಾಕಿದ. ಅವು ಅರಚಿದಾಗ, ಪಾಪ, ಅವನ ಕಣ್ಣಲ್ಲೂ ನೀರು ಬರುತ್ತಿತ್ತು. ಟಗರು ಬಿಡುವ ಕಾಲ ಬಂತು. ಟಗರು ಒಂದೊಂದು ಕುರಿಯನ್ನೂ ಮೂಸಿ ನೋಡಿ ದೂರ ಹೋಗಿ ನಿಂತಿತು. ಒಂದೂ ಬೆದೆಗೆ ಬಂದಿರಲಿಲ್ಲ. ಅವನು ಟಗರನ್ನು ಬೈದ, ಬೇರೆ ಟಗರು ತಂದ, ಕೊನೆಗೆ ದೇವರ ಮೇಲೇ ಮುನಿಸಿಕೊಂಡ.

ಅವನನ್ನು ನೋಡಲು ಅವನ ಅಕ್ಕ ಬಂದಳು. ಒಂದು ಕುರಿಯ ಬೆನ್ನ ಮೇಲೆ ಕೈಯಾಡಿಸಿದಳು. ಬರೀ ಎಲುಬು.

"ತಮ್ಮಾ, ಟಗರು ಬಿಡೂಕಿಂತ ಮೊದಲ ಕುರೀಗೆ ಹುರುಳಿ ತಿನಸ್ತಾರ. ನೀ ಇದೇನ್ ಮಾಡೀದಿ?"

"ವ್ರತ, ಅಕ್ಕಾ."

ಅಕ್ಕ ಹಟ್ಟಿಯ ಬಾಗಿಲು ತೆಗೆದಳು. ಕುರಿಗಳು ಹೊಟ್ಟೆ ತುಂಬ ಮೇದವು. ಕೆಲವು ವಾರಗಳಲ್ಲಿ ಬೆನ್ನು ತುಂಬಿಕೊಂಡಿತು, ಬೆದೆಯೂ ಬಂತು. ಸಕಾಲಕ್ಕೆ ಮರಿಗಳೂ ಆದವು.

ಗುರುಗಳು ಕತೆ ಮುಗಿಸಿ ಮುಂದುವರಿಸಿದರು. ಹೆಣ್ಣುಜೀವದ ಮಿದುಳಲ್ಲಿ ಒಬ್ಬ ಯಜಮಾನಿ ಇದ್ದಾಳೆ. ಅನ್ನ ಎಷ್ಟು ಬಂತು, ಮೈಯಲ್ಲಿ ಕೊಬ್ಬು ಎಷ್ಟು ಉಳಿದಿದೆ ಎಂದು ನೋಡಿಕೊಂಡೇ ಅವಳು ಅಂಡಾಶಯಕ್ಕೆ ಹೇಳಿಕಳಿಸುತ್ತಾಳೆ. ಸಾಲದೆಂದು ಕಂಡರೆ ಹೇಳಿಕಳಿಸುವುದಿಲ್ಲ. ಅವಳ ಮಾತು ಬರದೆ ಅಂಡ ಬಲಿಯುವುದಿಲ್ಲ, ಮುಟ್ಟೂ ಆಗುವುದಿಲ್ಲ.

ನೀಲಗಂಗಾಳಿಗೆ ಸಿಟ್ಟೇ ಬಂತು. ಇಷ್ಟು ದಿನ ಅತ್ತು ಬೇಡಿದ್ದನ್ನು ತನ್ನೊಳಗಿನವಳೇ ತಡೆದಿದ್ದಳೇ?

"ಹಂಗಾರ ಆಕಿ ನನ್ನ ವೈರಿನ ಆದಳಲ್ರಿ, ಅಜ್ಜಾರ."

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟರು.

"ಹಸಿದ ಮನಿಗೆ ಕೂಸನ್ನ ಕರೀಲಾರದಾಕಿ ತಾಯಿ ಅಲ್ದ ಮತ್ಯಾರು, ಮಗಳ? ಮೊದಲ ಆಕೀಗೆ ಉಣ್ಣಾಕ ಹಾಕು."

ನೀಲಗಂಗಾ ಎದ್ದು ಮಠದ ಊಟದ ಪಂಕ್ತಿಗೆ ಹೋಗಿ ಕುಳಿತಳು.