ಗುಂಡಿ ಅರಳಿದ್ದು

ಬಟ್ಟೆ ಹೊಲಿಯುವ ಸಾವಂತ್ರಕ್ಕನ ಡಬ್ಬಿಯಲ್ಲಿ ಒಂದು ಬಿಳಿ ಗುಂಡಿಯಿತ್ತು. "ಗುಂಡಿ ಅಂದರೆ ಹಳ್ಳ. ಬಂದವರ ಕಾಲು ಮುರಿಯುವುದೇ ನಿನ್ನ ಕಸುಬು," ಎಂದು ಕತ್ತರಿ ಅದನ್ನು ದಿನವೂ ಹಂಗಿಸುತ್ತಿತ್ತು.

ಅಕ್ಕನ ಮುಡಿಯಿಂದ ಜಾರಿ ಡಬ್ಬಿಗೆ ಬಿದ್ದ ಮಲ್ಲಿಗೆ ಮೊಗ್ಗು ಹೇಳಿತು: "ಕತ್ತರಿಯ ಮಾತು ಬಿಡು ಅಣ್ಣಾ. ಇಂಗ್ಲಿಷಿನವರು ನಿನ್ನನ್ನು ಬಟನ್ ಅನ್ನುತ್ತಾರೆ. ಆ ಪದದ ತವರು ಫ್ರೆಂಚು. ಅಲ್ಲಿ ಅದಕ್ಕೆ ಮೊಗ್ಗು ಅಂತಲೂ ಅರ್ಥ. ನಾವಿಬ್ಬರೂ ಒಂದೇ ಬಳ್ಳಿಯವರು."

"ಹಾಗಾದರೆ ನಾನು ಅರಳುವುದು ಯಾವಾಗ?"

ಸಂಜೆಗೆ ಮೊಗ್ಗು ಅರಳಿತು, ಗುಂಡಿ ಹಾಗೆಯೇ ಉಳಿಯಿತು.

ಮರುದಿನ ಸಾವಂತ್ರಕ್ಕ ಆ ಗುಂಡಿಯನ್ನು ಬಾಣಂತಿ ಮಗಳ ರವಿಕೆಗೆ ಹಾಕಿದಳು. ಕೂಸು ಹಸಿದು ಅತ್ತಿತು. ತಾಯಿ ಗುಂಡಿ ಬಿಚ್ಚಿ ಕೂಸನ್ನು ಎದೆಗೆ ಹಿಡಿದಳು. ಅಳು ನಿಂತಿತು.

"ಈಗ," ಎಂದುಕೊಂಡಿತು ಗುಂಡಿ.