ಚೆಂಡು ಎತ್ತಿ ಕೊಟ್ಟವನು

"ಗುರುಗಳೇ, ಮೈ ಸೋತರೂ ಆಟದ ಆಸೆ ಸೋಲುವುದಿಲ್ಲ. ಅಂಥವನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ. ಅವನು ಮಠದ ಶಾಲೆಯಲ್ಲಿ ವ್ಯಾಯಾಮ ಕಲಿಸುವವನು. ಮಂಡಿಯ ಪೆಟ್ಟು ವಾಸಿಯಾಗದೆ ಆ ವರ್ಷ ಮೈದಾನಕ್ಕೆ ಇಳಿದಿರಲಿಲ್ಲ.

ಗುರು ಹೇಳಿದರು:

ಒಂದು ಹಂಚಿನ ಕಾರ್ಖಾನೆಯಲ್ಲಿ ವಾಲಿಬಾಲ್ ತಂಡವಿತ್ತು. ಅದರಲ್ಲಿ ಐತಪ್ಪ ಎಂಬ ಆಟಗಾರ. ಬಲೆಯ ಎತ್ತರಕ್ಕೆ ಹಾರಿ ಚೆಂಡು ಹೊಡೆಯುವುದು ಅವನ ಪಾಲು. ಅವನ ಹೊಡೆತ ನೋಡುವುದಕ್ಕೆಂದೇ ಜನ ಬರುತ್ತಿದ್ದರು. ಅವನು ಹೊಡೆಯಲೆಂದು ಬಲೆಯ ಮೇಲಕ್ಕೆ ಚೆಂಡು ಎತ್ತಿ ಕೊಡುತ್ತಿದ್ದವನು ಲೋಕಯ್ಯ. ವಯಸ್ಸಾದ ಮೇಲೆ ಲೋಕಯ್ಯ ಆಟ ಬಿಟ್ಟು ಸೈಕಲ್ ಅಂಗಡಿ ಇಟ್ಟುಕೊಂಡ.

ಐತಪ್ಪನಿಗೆ ನಲವತ್ತು ಹತ್ತಿರವಾದಾಗ ಬಲಭುಜದ ಸ್ನಾಯು ಹರಿಯಿತು. ವೈದ್ಯರು ಇನ್ನು ಹೊಡೆಯಬೇಡ ಎಂದರು. ಅವನು ಕೇಳಲಿಲ್ಲ. ಒಂದು ಮಳೆಗಾಲ ಸುಮ್ಮನಿದ್ದು ಮತ್ತೆ ಅಂಕಣಕ್ಕೆ ಬಂದ. ಮೊದಲ ಹೊಡೆತವೇ ಬಲೆಗೆ ಬಿತ್ತು, ಭುಜ ಮತ್ತೆ ಹರಿಯಿತು.

ಗಾಯ ಮಾಗಿದ ಮೇಲೆ ತಂಡದ ನಾಯಕ ಬಂದು, ಹೊಡೆಯುವುದು ಬೇಡ, ಹೊಸ ಹುಡುಗನಿಗೆ ಚೆಂಡು ಎತ್ತಿ ಕೊಡು ಎಂದ. ಐತಪ್ಪನಿಗೆ ಅವಮಾನವಾಯಿತು. ಆಗುವುದಿಲ್ಲ ಎಂದು ಕಳಿಸಿದ. ಆದರೆ ಸಂಜೆಯಾದರೆ ಚೆಂಡಿನ ಸದ್ದು ಮನೆಯವರೆಗೂ ಕೇಳುತ್ತಿತ್ತು. ಕೆಲವು ದಿನ ಕಿವಿ ಮುಚ್ಚಿಕೊಂಡ. ಕೊನೆಗೆ ತಡೆಯಲಾರದೆ ಹೋದ.

ಎತ್ತಿ ಕೊಡುವುದು ಅವನಿಗೆ ಬರಲಿಲ್ಲ. ಬೆರಳು ಊದಿತು, ಚೆಂಡು ಸೊಟ್ಟಗೆ ಹೋಯಿತು. ಹೊಡೆಯುವ ತರುಣ ಎಲ್ಲರೆದುರು ಗದರಿದ. ತಾನೂ ಲೋಕಯ್ಯನನ್ನು ಹೀಗೆಯೇ ಗದರುತ್ತಿದ್ದೆ ಎಂದು ನೆನಪಾಗಿ ಐತಪ್ಪನಿಗೆ ನಗು ಬಂತು. ನೇರ ಸೈಕಲ್ ಅಂಗಡಿಗೆ ಹೋಗಿ, ಈ ವಿದ್ಯೆ ಕಲಿಸಿಕೊಡು ಎಂದ.

"ಚೆಂಡು ನೋಡಬೇಡ, ಹೊಡೆಯುವವನ ಕಾಲು ನೋಡು. ಅದು ಎಷ್ಟು ಹಾರಬಲ್ಲದೋ ಅಷ್ಟೇ ಎತ್ತರಕ್ಕೆ ಕೊಡು" ಎಂದ ಲೋಕಯ್ಯ.

"ನನಗೂ ಹಾಗೆಯೇ ಕೊಡುತ್ತಿದ್ದೆಯಾ?"

"ಕೊನೆಕೊನೆಗೆ ನಿನಗೆ ಒಂದು ಗೇಣು ತಗ್ಗಿಸಿ ಕೊಡುತ್ತಿದ್ದೆ. ಮೊದಲಿನಷ್ಟೇ ಹಾರುತ್ತೇನೆ ಎಂದು ನೀನು ಬೀಗುತ್ತಿದ್ದೆ."

ಐತಪ್ಪ ಬೆಪ್ಪಾಗಿ ನಿಂತ. ಮರುಕ್ಷಣ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುವರ್ಷ ಆ ತಂಡ ಜಿಲ್ಲೆಯ ಅಂತಿಮ ಪಂದ್ಯಕ್ಕೆ ಬಂತು. ಕೊನೆಯ ಸುತ್ತು ಸಮಸಮವಾಗಿತ್ತು. ತರುಣನ ಕಾಲು ದಣಿದಿತ್ತು. ಅದು ಅವನಿಗೇ ತಿಳಿದಿರಲಿಲ್ಲ, ಐತಪ್ಪನಿಗೆ ತಿಳಿಯಿತು. ಅವನು ಏನೂ ಹೇಳದೆ ಚೆಂಡನ್ನು ತಗ್ಗಿಸಿ ಕೊಟ್ಟ. ತರುಣ ಹಾರಿ ಹೊಡೆದ. ಚೆಂಡು ಎದುರಾಳಿಗಳ ಕೈಗಳ ನಡುವೆ ನುಗ್ಗಿ ನೆಲಕ್ಕೆ ಬಿತ್ತು. ಪಂದ್ಯ ಗೆದ್ದರು.

ಜನ ತರುಣನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಇವತ್ತು ನನಗೆ ದಣಿವೇ ಆಗಲಿಲ್ಲ ಎಂದು ಅವನು ಮೇಲಿನಿಂದ ಕೂಗುತ್ತಿದ್ದ. ಅದನ್ನು ಕೇಳಿ ಐತಪ್ಪನಿಗೆ ನಗು ತಡೆಯಲಾಗಲಿಲ್ಲ. ಬೆವರಿದ ಅಂಗಿಯಲ್ಲೇ ಸೈಕಲ್ ಅಂಗಡಿಗೆ ಓಡಿ, ತರುಣನ ಮಾತನ್ನು ಹಾಗೇ ಒಪ್ಪಿಸಿದ. ಲೋಕಯ್ಯ ಕೈಯ ಟ್ಯೂಬು ಕೆಳಗೆ ಬಿಟ್ಟು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಆ ಸಂಜೆ ಬೇಗನೆ ಅಂಗಡಿ ಮುಚ್ಚಿ ಇಬ್ಬರೂ ಚಹಾ ಕುಡಿಯಲು ಹೋದರು. ಇಷ್ಟು ಸುಖ ಹೊಡೆಯುವಾಗಲೂ ಸಿಕ್ಕಿರಲಿಲ್ಲ ಎಂದು ಐತಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ಐತಪ್ಪನ ಈ ದೊಡ್ಡತನ ಜನರಿಗೆ ಮುಂದೆಯಾದರೂ ತಿಳಿಯಿತೇ?" ಎಂದು ಕೇಳಿದ.

"ಲೋಕಯ್ಯನದು ತಿಳಿಯಿತೇ ಎಂದು ನೀನೂ ಕೇಳಲಿಲ್ಲ" ಎಂದು ಗುರು ನಕ್ಕರು.